ಕಾಸ್ಮೆಟಿಕ್ ಸರ್ಜರಿ ಮುಗಿಸಿ ಮನೆಗೆ ಬಂದ ಮೇಲೆ: ಮೊದಲ ರಾತ್ರಿಯಿಂದ ಕಲೆ ಮಾಸುವವರೆಗೆ

"ಸಿಸ್ಟರ್, ಇದು ಮಾಮೂಲಾ?"

ಪ್ಲಾಸ್ಟಿಕ್ ಸರ್ಜರಿ ವಾರ್ಡಿನ ಫೋನ್ ಎತ್ತಿದಾಗ ನನಗೆ ಕೇಳಿಸುವ ಮೊದಲ ಮಾತು ಬಹುಮಟ್ಟಿಗೆ ಇದೇ. ಮೂಗು ತಿದ್ದಿಸಿಕೊಂಡವರು, ಹೊಟ್ಟೆಯ ಬೊಜ್ಜು ತೆಗೆಸಿಕೊಂಡವರು, ಜೋತುಬಿದ್ದ ರೆಪ್ಪೆ ಸರಿ ಮಾಡಿಸಿಕೊಂಡವರು, ಕೂದಲು ನಾಟಿ ಮಾಡಿಸಿಕೊಂಡವರು, ಎಲ್ಲರೂ ಕೇಳುವುದು ಅದನ್ನೇ. ಮುಖ ಊದಿದೆ, ಮಾಮೂಲಾ? ಬಟ್ಟೆ ಒದ್ದೆಯಾಗಿದೆ, ಮಾಮೂಲಾ? ಎಡಗಡೆ ಬಲಗಡೆಗಿಂತ ದಪ್ಪ ಕಾಣ್ತಿದೆ, ಮಾಮೂಲಾ? ಬಿಡುಗಡೆಯ ದಿನ ಕೈಗೆ ಕೊಡುವ ಕಾಗದದಲ್ಲಿ ಇದಕ್ಕೆಲ್ಲ ಉತ್ತರ ಇರುತ್ತದೆ. ಆದರೆ ಅರಿವಳಿಕೆಯ ಮಂಪರು ಇನ್ನೂ ಇಳಿಯದವರಿಗೆ ನಾವು ಓದಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಮರೆತೇ ಹೋಗಿರುತ್ತದೆ. ಅದಕ್ಕೇ ಒಂದೊಂದಾಗಿ ಬರೆದಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವುದಕ್ಕೂ ನಿಮ್ಮ ಸರ್ಜನ್ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಸರ್ಜನ್ ಮಾತನ್ನೇ ಕೇಳಿ. ಒಳಗೆ ಏನು ಮಾಡಿದ್ದಾರೆ, ಎಷ್ಟು ಪದರ ಹೊಲಿದಿದ್ದಾರೆ ಅನ್ನುವುದು ಗೊತ್ತಿರುವುದು ಅವರಿಗೆ.

ಮಾಮೂಲಾ ಅಲ್ಲವಾ ಎಂದು ತೂಗಿ ನೋಡಲು ನಾನು ಎಲ್ಲರಿಗೂ ಮೂರು ಪ್ರಶ್ನೆ ಕೊಡುತ್ತೇನೆ. ಒಂದೇ ಕಡೆ ಆಗಿದೆಯಾ? ಇದ್ದಕ್ಕಿದ್ದಂತೆ ಆಯಿತಾ? ನಾಲ್ಕನೇ ದಿನದ ನಂತರವೂ ದಿನದಿಂದ ದಿನಕ್ಕೆ ಹೆಚ್ಚುತ್ತಿದೆಯಾ? ಮೂರಕ್ಕೂ "ಇಲ್ಲ" ಎಂದಾದರೆ ಸಾಮಾನ್ಯವಾಗಿ ಕಾದು ನೋಡಬಹುದು. ಒಂದಕ್ಕೆ "ಹೌದು" ಎಂದರೂ ಫೋನ್ ಮಾಡಿ. ಈ ಲೇಖನದಲ್ಲಿ ಮುಂದೆ ಬರುವುದೆಲ್ಲ ಹೆಚ್ಚುಕಡಿಮೆ ಈ ಮೂರು ಪ್ರಶ್ನೆಗಳ ವಿಸ್ತಾರವೇ.

1. ಸರ್ಜರಿಗೆ ಹೋಗುವ ಮುಂಚೆಯೇ ಮನೆ ಸಿದ್ಧವಿರಲಿ

ವಾಪಸ್ ಬಂದ ಮೇಲೆ ಬಗ್ಗುವುದು, ಕೈ ಎತ್ತುವುದು, ಭಾರ ಹೊರುವುದು ಯಾವುದೂ ಆಗುವುದಿಲ್ಲ ಎಂದುಕೊಂಡೇ ತಯಾರಿ ಮಾಡಿ. ದಿನಬಳಕೆಯ ಸಾಮಾನೆಲ್ಲ ಸೊಂಟದಿಂದ ಎದೆಯ ಎತ್ತರದೊಳಗೆ ಇರಲಿ. ಮುಂದೆ ಗುಂಡಿ ಅಥವಾ ಜಿಪ್ ಇರುವ ಸಡಿಲ ಬಟ್ಟೆ ನಾಲ್ಕು ಜೊತೆ ತೆಗೆದಿಡಿ. ತಲೆಯ ಮೇಲಿಂದ ಎಳೆದು ಹಾಕುವ ಬಟ್ಟೆ ಮುಖದ ಸರ್ಜರಿಯವರಿಗೂ ಎದೆಯ ಸರ್ಜರಿಯವರಿಗೂ ಕಷ್ಟ.

ಹಾಸಿಗೆಯ ಪಕ್ಕ ಬೇಕಾಗುವುದು ಇಷ್ಟು: ದಿಂಬು ನಾಲ್ಕೈದು, ಥರ್ಮಾಮೀಟರ್, ಸ್ಟೆರೈಲ್ ಗಾಜ್ (ಗಾಯದ ಮೇಲಿಡುವ ಶುದ್ಧ ಜಾಲರಿ ಬಟ್ಟೆ), ಅಂಟುಪಟ್ಟಿ, ಹಳೆಯ ಟವೆಲ್‌ಗಳು, ಉದ್ದ ವೈರಿನ ಚಾರ್ಜರ್, ಒಂದು ನೋಟ್‌ಬುಕ್, ಪೆನ್ನು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ನಂಬರ್ ಬರೆದಿಡಿ: ಹಗಲಿನಲ್ಲಿ ಆಸ್ಪತ್ರೆಯದು, ರಾತ್ರಿ ಯಾರಿಗೆ ಮಾಡಬೇಕೋ ಅವರದು, ಆಂಬುಲೆನ್ಸ್‌ನದು. ರಾತ್ರಿಯ ನಂಬರ್ ಕೊಡದೆ ಮನೆಗೆ ಕಳಿಸುತ್ತಿದ್ದರೆ ಅಲ್ಲೇ ನಿಂತು ಕೇಳಿ ಪಡೆಯಿರಿ. ಇದರಲ್ಲಿ ಸಂಕೋಚ ಬೇಡ.

ಸಿಗರೇಟು, ಬೀಡಿ, ವೇಪ್, ನಿಕೋಟಿನ್ ಗಮ್ ಯಾವುದೇ ಇರಲಿ, ಸರ್ಜರಿಗೆ ಕನಿಷ್ಠ 4 ವಾರ ಮೊದಲಿನಿಂದ 4 ವಾರ ನಂತರದವರೆಗೆ ಬಿಡಲು ಹೇಳುವುದು ಸುಮ್ಮನೆ ಉಪದೇಶಕ್ಕಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಹೊಟ್ಟೆ, ಮುಖ, ಎದೆಯ ಸರ್ಜರಿಯಲ್ಲಿ ಚರ್ಮವನ್ನು ಬುಡದಿಂದ ಬಿಡಿಸಿ ಎಳೆದು ಹೊಲಿದಿರುತ್ತಾರೆ. ಆ ಚರ್ಮಕ್ಕೆ ಆಗಲೇ ರಕ್ತ ಕಡಿಮೆ. ಅದೂ ನಿಂತರೆ ಅಂಚು ಕಪ್ಪಾಗಿ ಸಾಯುತ್ತದೆ. ಗುಟ್ಟಾಗಿ ಒಂದೆರಡು ಸೇದಿದ್ದರೆ ಸರ್ಜನ್‌ಗೆ ಹೇಳಿಬಿಡಿ. ಬೈಸಿಕೊಂಡರೂ ಪರವಾಗಿಲ್ಲ.

2. ಮೊದಲ 24 ಗಂಟೆ: ಒಬ್ಬರೇ ಇರಬೇಡಿ

ಪೂರ್ಣ ಅರಿವಳಿಕೆ ಅಥವಾ ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರೆ ಒಂದಿಡೀ ದಿನ ಗಾಡಿ ಓಡಿಸಬಾರದು, ಒಲೆಯ ಮುಂದೆ ನಿಲ್ಲಬಾರದು, ಮದ್ಯ ಮುಟ್ಟಬಾರದು, ಯಾವ ಕಾಗದಪತ್ರಕ್ಕೂ ಸಹಿ ಹಾಕಬಾರದು. ನೀವು ಎಚ್ಚರವಾಗಿಯೇ ಮಾತಾಡುತ್ತಿರುತ್ತೀರಿ, ಆದರೆ ತೀರ್ಮಾನ ಮಾಡುವ ಬುದ್ಧಿ ಇನ್ನೂ ನಿದ್ದೆಯಲ್ಲಿರುತ್ತದೆ. ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ನಿಮ್ಮನ್ನು ಎಬ್ಬಿಸಿ ಕೂರಿಸಲು ಶಕ್ತಿ ಇರುವವರು, ರಕ್ತ ಕಂಡರೆ ತಲೆತಿರುಗದವರು ಆಗಿದ್ದರೆ ಒಳ್ಳೆಯದು.

ಮಲಗುವ ಭಂಗಿ ಸರ್ಜರಿಗೆ ತಕ್ಕಂತೆ. ಮುಖ, ಮೂಗು, ಕಣ್ಣು, ತಲೆಯದಾದರೆ ಬೆನ್ನ ಹಿಂದೆ ದಿಂಬು ಒಟ್ಟಿ 30ರಿಂದ 45 ಡಿಗ್ರಿ ಒರಗಿ ಮಲಗಿ. ಹೊಟ್ಟೆಯ ಚರ್ಮ ಬಿಗಿ ಮಾಡಿಸಿಕೊಂಡಿದ್ದರೆ ತಲೆಯ ಕೆಳಗೂ ಮಂಡಿಯ ಕೆಳಗೂ ದಿಂಬು ಬೇಕು; ದೇಹ ಮಡಚಿದ ಹಾಗಿದ್ದರೆ ಹೊಲಿಗೆಯ ಮೇಲೆ ಎಳೆತ ಬೀಳುವುದಿಲ್ಲ. ಎದೆಯದಾದರೆ ಬೆನ್ನ ಮೇಲೆಯೇ ಮಲಗಬೇಕು.

ಹಾಸಿಗೆಯಿಂದ ಏಳುವುದಕ್ಕೂ ಒಂದು ಕ್ರಮವಿದೆ. ನೇರವಾಗಿ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯು ಬಿಗಿದು ಜೀವ ಹೋದಂತಾಗುತ್ತದೆ. ಮೊದಲು ಮಂಡಿ ಮಡಚಿ. ಭುಜ, ಸೊಂಟ, ಮಂಡಿ ಮೂರೂ ಒಟ್ಟಿಗೆ ತಿರುಗುವ ಹಾಗೆ, ಮರದ ದಿಮ್ಮಿ ಉರುಳಿದಂತೆ, ಪಕ್ಕಕ್ಕೆ ಹೊರಳಿ. ಕಾಲನ್ನು ಹಾಸಿಗೆಯ ಅಂಚಿನಿಂದ ಕೆಳಗಿಳಿಸುತ್ತಾ ಮೊಣಕೈ ಊರಿ ಮೇಲೇಳಿ. ಎದೆಯ ಸರ್ಜರಿಯವರು ಕೈ ಊರಬಾರದು. ಜೊತೆಯಲ್ಲಿರುವವರು ಬೆನ್ನಿಗೆ ಅಂಗೈ ಕೊಟ್ಟು ಎತ್ತಲಿ, ಕೈ ಹಿಡಿದು ಎಳೆಯಬಾರದು. ಕೂತ ಮೇಲೆ ಒಂದು ನಿಮಿಷ ಹಾಗೇ ಕೂತಿರಿ. ಆಮೇಲೆ ನಿಲ್ಲಿ.

ಮನೆಗೆ ಬಂದು 6ರಿಂದ 8 ಗಂಟೆಯಾದರೂ ಮೂತ್ರ ಹೋಗದಿದ್ದರೆ ಫೋನ್ ಮಾಡಿ. ಎಷ್ಟೋ ಜನ ಇದನ್ನು ಹೇಳಲು ನಾಚಿಕೊಂಡು ಬೆಳಗಿನವರೆಗೆ ಒದ್ದಾಡುತ್ತಾರೆ.

3. ನೋವಿನ ಮಾತ್ರೆ: ಗಡಿಯಾರ ನೋಡಿ, ಬರೆದಿಡಿ

ಮೊದಲ ಎರಡು ಮೂರು ದಿನ ನೋವು ತಡೆಯಲಾರದಷ್ಟಾಗುವವರೆಗೆ ಕಾಯಬೇಡಿ. ಬರೆದುಕೊಟ್ಟ ಹೊತ್ತಿಗೆ, ಸ್ವಲ್ಪ ಏನಾದರೂ ತಿಂದು, ಮಾತ್ರೆ ತೆಗೆದುಕೊಳ್ಳಿ. ನೋವು ಒಮ್ಮೆ ಏರಿಬಿಟ್ಟರೆ ಇಳಿಸುವುದು ಕಷ್ಟ, ಜೊತೆಗೆ ರಕ್ತದೊತ್ತಡವೂ ಏರಿ ಒಳಗೆ ರಕ್ತ ಜಿನುಗುವ ಅಪಾಯ ಇದೆ.

ಇಲ್ಲಿ ಎಡವುವವರು ಬಹಳ. ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್‌ನ ಮಿತಿ 24 ಗಂಟೆಗೆ 4 ಗ್ರಾಂ. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ನೋವಿಗೆ ಕೊಡುವ ಅನೇಕ ಮಿಶ್ರ ಮಾತ್ರೆಗಳಲ್ಲಿ, ನೆಗಡಿ ಮಾತ್ರೆಗಳಲ್ಲಿ ಕೂಡ ಅದೇ ಇರುತ್ತದೆ. ಒಂದು ಪಟ್ಟಿಯಿಂದ ಒಂದು, ಇನ್ನೊಂದರಿಂದ ಇನ್ನೊಂದು ಎಂದು ನುಂಗುತ್ತಾ ಹೋದರೆ ಲೆಕ್ಕ ತಪ್ಪುತ್ತದೆ. ಪ್ರತಿ ಮಾತ್ರೆಯ ಹೆಸರು, ಹೊತ್ತು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಆಸ್ಪಿರಿನ್, ಐಬುಪ್ರೊಫೆನ್ ತರಹದವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವುದರಿಂದ ಸರ್ಜನ್ ಒಪ್ಪದೆ ಮುಟ್ಟಬೇಡಿ. ಮೀನೆಣ್ಣೆ, ವಿಟಮಿನ್ ಇ, ಬೆಳ್ಳುಳ್ಳಿ ಕ್ಯಾಪ್ಸೂಲ್, ಗಿಂಕೋ ಮುಂತಾದ ಪೂರಕಗಳ ಮೇಲೂ ಇದೇ ಅನುಮಾನ ಇರಲಿ. ಹಾಗೆಂದು ಹೃದಯಕ್ಕಾಗಿ ಕೊಟ್ಟಿರುವ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಮತ್ತೆ ಶುರುವೂ ಮಾಡಬೇಡಿ, ಎರಡೂ ಅಪಾಯ.

ಟ್ರಮಡಾಲ್, ಕೋಡೀನ್‌ನಂಥ ಜೋರಾದ ನೋವಿನ ಮಾತ್ರೆಗಳು ಮಲಬದ್ಧತೆ ತರುತ್ತವೆ. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು ಮುಕ್ಕುವಂತಾದರೆ ಹೇಗಿರುತ್ತದೆ, ಯೋಚಿಸಿ. ನೀರು, ನಾರಿನ ಅಂಶ, ನಡಿಗೆ, ಬೇಕಾದರೆ ವೈದ್ಯರು ಹೇಳಿದ, ಮಲ ಸಡಿಲಿಸುವ ಔಷಧ, ಇವನ್ನು ಮೊದಲ ದಿನದಿಂದಲೇ ಶುರುಮಾಡಿ. ಆಂಟಿಬಯೋಟಿಕ್ ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಬರೆದುಕೊಡದಿದ್ದರೆ ಡಬ್ಬಿಯಲ್ಲಿ ಮಿಕ್ಕಿದ್ದ ಹಳೆಯದನ್ನು ಹುಡುಕಬೇಡಿ.

4. ಎರಡರಿಂದ ನಾಲ್ಕನೇ ದಿನ: ಹೆದರಿಸುವ ಊತ

ಸರ್ಜರಿಯಾದ ಸಂಜೆ ಕನ್ನಡಿ ನೋಡಿಕೊಂಡು "ಪರವಾಗಿಲ್ವೇ" ಅಂದುಕೊಂಡವರು ಮೂರನೇ ದಿನ ಬೆಳಿಗ್ಗೆ ಕಿರುಚುವುದುಂಟು. ಊತ ಸಾಮಾನ್ಯವಾಗಿ 48ರಿಂದ 72 ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ. ಅಲ್ಲಿಯವರೆಗೆ ಹೆಚ್ಚುವುದು ಸಹಜ. ಆಮೇಲೆ ನಿಧಾನಕ್ಕೆ ಇಳಿಯಬೇಕು.

ನೀಲಿಗಟ್ಟಿದ್ದು ಕೆಳಕ್ಕೆ ಇಳಿಯುತ್ತದೆ. ಮೂಗಿನದು ಕೆನ್ನೆಗೆ, ಮುಖದ್ದು ಕತ್ತಿಗೆ, ಹೊಟ್ಟೆಯ ಲೈಪೊಸಕ್ಷನ್‌ನದು, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆದದ್ದು, ಜನನಾಂಗದವರೆಗೆ, ತೊಡೆಯವರೆಗೆ. ಅಲ್ಲೇನೂ ಕೈ ಹಾಕದಿದ್ದರೂ ಅಲ್ಲಿ ಕಪ್ಪಾಗುವುದು ಕಂಡು ಗಾಬರಿಯಾಗುತ್ತಾರೆ. ರಕ್ತ ಭೂಮಿಯ ಸೆಳೆತಕ್ಕೆ ಜಾರುತ್ತದೆ, ಅಷ್ಟೇ. ನೇರಳೆಯಿಂದ ಹಸಿರು, ಹಸಿರಿನಿಂದ ಹಳದಿ ಆಗಿ 2–3 ವಾರದಲ್ಲಿ ಮಾಯವಾಗುತ್ತದೆ. ಲೈಪೊಸಕ್ಷನ್ ಆದ ವಾರ ತೂಕ ನೋಡಬೇಡಿ. ಒಳಗೆ ತುಂಬಿದ ದ್ರವ, ಊತ ಸೇರಿ ಮುಳ್ಳು ಮೇಲಕ್ಕೇ ಹೋಗಿರಬಹುದು.

ತಣ್ಣನೆಯ ಪಟ್ಟು ಇಡಲು ಹೇಳಿದ್ದರೆ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಟ್ಟು ತೆಗೆಯಿರಿ. ಬರೀ ಮಂಜುಗಡ್ಡೆ ಚರ್ಮಕ್ಕೆ ತಾಗಬಾರದು. ಸರ್ಜರಿಯಾದ ಜಾಗದ ಚರ್ಮ ಮರಗಟ್ಟಿರುತ್ತದೆ, ಸುಟ್ಟರೂ ಕೊರೆದರೂ ನಿಮಗೆ ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ, ಹೀಟಿಂಗ್ ಪ್ಯಾಡ್, ಬಿಸಿ ಗಾಳಿಯ ಹೇರ್ ಡ್ರೈಯರ್ ಇವುಗಳಿಂದಂತೂ ತಿಂಗಳುಗಟ್ಟಲೆ ದೂರ ಇರಿ. ಹೊಟ್ಟೆಯ ಚರ್ಮ ಬಿಗಿ ಮಾಡಿಸಿಕೊಂಡವರು ನೋವಿಗೆಂದು ಬಿಸಿಚೀಲ ಇಟ್ಟುಕೊಂಡು ನಿದ್ದೆ ಹೋಗಿ, ಬೊಬ್ಬೆ ಎದ್ದ ಮೇಲೆ ಬರುವುದನ್ನು ನೋಡಿದ್ದೇನೆ.

5. ಮಲಗಿಯೇ ಇರಬೇಡಿ

"ರೆಸ್ಟ್ ತಗೊಳ್ಳಿ" ಅಂದರೆ ಹಾಸಿಗೆ ಬಿಟ್ಟು ಏಳಬೇಡಿ ಎಂದಲ್ಲ. ಅಲುಗಾಡದೆ ಮಲಗಿದರೆ ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಡಿವಿಟಿ ಅನ್ನುವುದು ಇದಕ್ಕೇ. ಆ ಹೆಪ್ಪು ಒಡೆದು ಮೇಲಕ್ಕೆ ಹರಿದು ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಸೌಂದರ್ಯದ ಸರ್ಜರಿಯಲ್ಲಿ ಎಲ್ಲಕ್ಕಿಂತ ನನಗೆ ಭಯ ಇದರದ್ದೇ.

ಸರ್ಜನ್ ಬೇಡ ಎಂದಿರದಿದ್ದರೆ ಅದೇ ಸಂಜೆಯೇ ಯಾರನ್ನಾದರೂ ಹಿಡಿದುಕೊಂಡು ಬಚ್ಚಲವರೆಗೆ ನಡೆಯಿರಿ. ಮರುದಿನದಿಂದ ಎಚ್ಚರವಿರುವಾಗ ಗಂಟೆ ಎರಡು ಗಂಟೆಗೊಮ್ಮೆ ಐದು ನಿಮಿಷ. ಹೊಟ್ಟೆಯ ಸರ್ಜರಿಯವರು ಮೊದಲ ವಾರ ಬಗ್ಗಿಕೊಂಡೇ ನಡೆಯಬೇಕು, ಬೆನ್ನು ನೆಟ್ಟಗೆ ಮಾಡಲು ಹಟ ಬೇಡ. ಮಲಗಿರುವಾಗ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ. ಮೀನಖಂಡ ಬಿಗಿದು ಸಡಿಲವಾಗುವಾಗ ಅದೇ ಪಂಪಿನಂತೆ ರಕ್ತ ಮೇಲೆತ್ತುತ್ತದೆ. ಆಳವಾಗಿ ಉಸಿರೆಳೆದು ಬಿಡುವುದೂ ಸೇರಲಿ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಹೀಗೆ ಹೆಪ್ಪು ಕಟ್ಟಿದವರು, ತೂಕ ಹೆಚ್ಚಿರುವವರು ಸರ್ಜನ್‌ಗೆ ಮೊದಲೇ ಹೇಳಿರಬೇಕು. ಬೇರೆ ಊರಿಗೋ ದೇಶಕ್ಕೋ ಹೋಗಿ ಸರ್ಜರಿ ಮಾಡಿಸಿಕೊಂಡವರು ಮರುದಿನವೇ ವಿಮಾನ ಹತ್ತಬೇಡಿ. ಎದೆ, ಲೈಪೊಸಕ್ಷನ್ ಆದರೆ 5ರಿಂದ 7 ದಿನ, ಮುಖ ಅಥವಾ ಹೊಟ್ಟೆಯದಾದರೆ 7ರಿಂದ 10 ದಿನ ಕಾಯಿರಿ ಎನ್ನುವುದು ಸಾಮಾನ್ಯ ಸಲಹೆ.

6. ಡ್ರೈನ್ ಇದ್ದರೆ

ಹೆಚ್ಚಿನವರು ಅಸಹ್ಯಪಡುವುದು, ಹೆದರುವುದು ಇದಕ್ಕೆ. ಚರ್ಮ ಬಿಡಿಸಿದ ಜಾಗದಲ್ಲಿ ಒಳಗೆ ರಕ್ತ, ನೀರು ಸೇರುತ್ತದೆ. ಅದು ನಿಲ್ಲದಂತೆ ಹೊರಗೆಳೆಯಲು ಇಟ್ಟ ತೆಳು ಕೊಳವೆಯೇ ಡ್ರೈನ್. ತುದಿಯಲ್ಲಿ ಮುಷ್ಟಿಯೊಳಗೆ ಹಿಡಿಯುವಷ್ಟು ಮೆತ್ತಗಿನ ಬಲ್ಬ್ ಇರುತ್ತದೆ. ಬಲ್ಬ್ ಚಪ್ಪಟೆಯಾಗಿದ್ದರೆ ಮಾತ್ರ ಅದು ಹೀರುತ್ತದೆ. ದುಂಡಗೆ ಉಬ್ಬಿದ್ದರೆ ತುಂಬಿದೆ ಎಂದೋ ಗಾಳಿ ಹೊಕ್ಕಿದೆ ಎಂದೋ ಅರ್ಥ.

ದಿನಕ್ಕೆ ಎರಡು ಮೂರು ಸಲ ಖಾಲಿ ಮಾಡುವ ಕ್ರಮ ಹೀಗೆ:

ಸೋಪು ಹಾಕಿ ಕೈ ತೊಳೆಯಿರಿ. ಮೊದಲು ಕೊಳವೆಯಲ್ಲಿ ಕಟ್ಟಿಕೊಂಡ ಗರಣೆಯನ್ನು ಇಳಿಸಬೇಕು. ಚರ್ಮದಿಂದ ಕೊಳವೆ ಹೊರಬರುವ ಜಾಗದ ಹತ್ತಿರ ಎಡಗೈ ಬೆರಳುಗಳಿಂದ ಗಟ್ಟಿಯಾಗಿ ಹಿಡಿಯಿರಿ, ಆ ಹಿಡಿತ ಸಡಿಲಬಾರದು. ಬಲಗೈಯ ಹೆಬ್ಬೆರಳು, ತೋರುಬೆರಳುಗಳಲ್ಲಿ ಕೊಳವೆಯನ್ನು ಒತ್ತಿ ಬಲ್ಬಿನ ಕಡೆಗೆ ಜಾರಿಸಿ. ಜಾರದಿದ್ದರೆ ಸ್ಪಿರಿಟ್ ಹತ್ತಿಯಿಂದ ಒರೆಸಿಕೊಳ್ಳಿ. ನಂತರ ಬಲ್ಬಿನ ಮುಚ್ಚಳ ತೆಗೆದು, ಅಳತೆ ಗೆರೆ ಇರುವ ಲೋಟಕ್ಕೆ ಬಗ್ಗಿಸಿ. ಮುಚ್ಚಳದ ಒಳಭಾಗಕ್ಕೆ ಬೆರಳು ತಾಗಿಸಬೇಡಿ. ಈಗ ಬಲ್ಬನ್ನು ಪೂರ್ತಿ ಹಿಸುಕಿ ಚಪ್ಪಟೆ ಮಾಡಿ, ಹಿಸುಕಿದ ಕೈ ಬಿಡದೆ ಮುಚ್ಚಳ ಹಾಕಿ. ಮುಚ್ಚಿದ ಮೇಲೆ ಹಿಸುಕಿದರೆ ಸೇರಿದ್ದೆಲ್ಲ ಕೊಳವೆಯೊಳಗೆ ಹಿಂದಕ್ಕೆ ಹೋಗುತ್ತದೆ. ಹೊಸಬರು ಮಾಡುವ ತಪ್ಪು ಇದೇ. ಎಷ್ಟು ಮಿಲಿ, ಯಾವ ಬಣ್ಣ, ಎಷ್ಟು ಹೊತ್ತಿಗೆ ಎಂದು ಬರೆದು, ದ್ರವವನ್ನು ಕಕ್ಕಸಿಗೆ ಸುರಿದು ಮತ್ತೆ ಕೈ ತೊಳೆಯಿರಿ. ಎರಡು ಡ್ರೈನ್ ಇದ್ದರೆ ಎರಡರ ಲೆಕ್ಕವೂ ಬೇರೆ ಬೇರೆ.

ಬಲ್ಬ್ ಯಾವಾಗಲೂ ಗಾಯಕ್ಕಿಂತ ಕೆಳಗಿರಲಿ, ಪಿನ್ನಿನಿಂದ ಬಟ್ಟೆಗೆ ಸಿಕ್ಕಿಸಿರಲಿ. ಪಿನ್ ಚುಚ್ಚಬೇಕಾದ್ದು ಬಲ್ಬಿನ ಕಿವಿಗೆ, ಅಂದರೆ ಅದಕ್ಕೆ ಅಂಟಿಕೊಂಡಿರುವ ಕುಣಿಕೆಗೆ, ಕೊಳವೆಗಲ್ಲ. ಕಕ್ಕಸಿನಲ್ಲಿ ಎದ್ದು ನಿಲ್ಲುವಾಗ ನೇತಾಡುವ ಬಲ್ಬ್ ಎಳೆದುಕೊಂಡು ಹೋಗುವುದೇ ಹೆಚ್ಚು.

ಬಣ್ಣ ಮೊದಲೆರಡು ದಿನ ಕೆಂಪು, ಆಮೇಲೆ ತಿಳಿಗೆಂಪು, ಕೊನೆಗೆ ಹುಲ್ಲಿನ ಹಳದಿ. 24 ಗಂಟೆಯ ಮೊತ್ತ 20–30 ಮಿಲಿಗಿಂತ ಕಡಿಮೆಯಾಗಿ ಒಂದೆರಡು ದಿನ ಹಾಗೇ ಇದ್ದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಬರೆದಿಡದವರ ಡ್ರೈನ್ ಸುಮ್ಮನೆ ಎರಡು ದಿನ ಹೆಚ್ಚು ಉಳಿಯುತ್ತದೆ, ಯಾಕೆಂದರೆ ನಾವು ಊಹೆಯ ಮೇಲೆ ಕೀಳುವುದಿಲ್ಲ. ತಿಳಿಯಾಗಿದ್ದದ್ದು ಮತ್ತೆ ಗಾಢ ಕೆಂಪಾದರೆ, ಬಲ್ಬ್ ಬೇಗ ಬೇಗ ತುಂಬಿದರೆ, ಅಥವಾ ಹರಿವು ತಟ್ಟನೆ ನಿಂತು ಆ ಜಾಗ ಊದಿದರೆ ಫೋನ್ ಮಾಡಿ.

7. ಬಿಗಿ ಉಡುಪು, ಮೊದಲ ಸ್ನಾನ

ಲೈಪೊಸಕ್ಷನ್, ಹೊಟ್ಟೆಯ ಸರ್ಜರಿಯ ನಂತರ ಕೊಡುವ ಕಂಪ್ರೆಷನ್ ಉಡುಪು ಊತ ತಡೆಯಲು, ಬಿಡಿಸಿದ ಚರ್ಮ ಒಳಗಿನ ಪದರಕ್ಕೆ ಅಂಟಿಕೊಳ್ಳಲು. ಸಾಮಾನ್ಯವಾಗಿ 4ರಿಂದ 6 ವಾರ. ಬಿಗಿಯಾಗಿರಬೇಕು, ಉಸಿರು ಕಟ್ಟಬಾರದು. ಕಾಲ್ಬೆರಳು ಜುಮ್ಮೆಂದರೆ, ಮಡಿಕೆ ಬಿದ್ದ ಕಡೆ ಕೆಂಪು ಗೆರೆ ಮೂಡಿ ಉಳಿದರೆ ಅಳತೆ ತಪ್ಪಿದೆ. ಬೇಗ ಸಣ್ಣ ಕಾಣಲೆಂದು ಒಂದು ಸೈಜು ಚಿಕ್ಕದು ಹಾಕಿಕೊಳ್ಳುವವರಿದ್ದಾರೆ. ಮಡಿಕೆಯ ಗುರುತು ಚರ್ಮದ ಮೇಲೆ ಕಾಯಂ ಆಗಿ ನಿಂತುಬಿಡಬಹುದು.

ಲೈಪೊಸಕ್ಷನ್ ಆದ ಮೊದಲ 24–48 ಗಂಟೆ ಸಣ್ಣ ರಂಧ್ರಗಳಿಂದ ನಸುಗೆಂಪು ನೀರು ಧಾರಾಳವಾಗಿ ಸೋರುತ್ತದೆ. ಒಳಗೆ ತುಂಬಿದ್ದ ಮದ್ದು ಬೆರೆತ ಉಪ್ಪುನೀರು ಅದು, ಒಂದಿಷ್ಟು ರಕ್ತ ಸೇರಿರುವುದರಿಂದ ನೋಡಲು ಭಯಂಕರ. ಹಾಸಿಗೆಗೆ ಪ್ಲಾಸ್ಟಿಕ್ ಹಾಸಿ ಮೇಲೆ ಹಳೆಯ ಟವೆಲ್ ಹಾಕಿ.

ಸ್ನಾನಕ್ಕೆ ಒಪ್ಪಿಗೆ ಸಿಗುವುದು ಸಾಮಾನ್ಯವಾಗಿ 24ರಿಂದ 48 ಗಂಟೆಯ ನಂತರ, ಕೆಲವು ಸರ್ಜರಿಗಳಲ್ಲಿ ಇನ್ನೂ ತಡ. ಮೊದಲ ಸಲ ಬಿಗಿ ಉಡುಪು ಬಿಚ್ಚುವಾಗ ಹುಷಾರು. ಒತ್ತಿ ಹಿಡಿದದ್ದು ಸಡಿಲವಾದ ಕೂಡಲೇ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ನಿಂತುಕೊಂಡು ಬಿಚ್ಚಬೇಡಿ, ಹಾಸಿಗೆಯ ಮೇಲೆ ಮಲಗಿ ನಿಧಾನಕ್ಕೆ ಜಿಪ್ ಇಳಿಸಿ, ಹತ್ತು ನಿಮಿಷ ಬಿಟ್ಟು ಏಳಿ. ಬಚ್ಚಲಲ್ಲಿ ಸ್ಟೂಲ್ ಇರಲಿ, ನೀರು ಉಗುರುಬೆಚ್ಚಗಿರಲಿ, ಬಾಗಿಲಿಗೆ ಚಿಲಕ ಬೇಡ, ಹೊರಗೆ ಒಬ್ಬರು ನಿಂತಿರಲಿ. ಟಬ್ಬು, ಈಜುಕೊಳ, ಕೆರೆ ಹೊಳೆಗಳಲ್ಲಿ ಮುಳುಗುವುದು ಗಾಯ ಪೂರ್ತಿ ಮುಚ್ಚುವವರೆಗೆ ಬೇಡ, ಅಂದರೆ ಸುಮಾರು 4–6 ವಾರ.

8. ಗಾಯ: ಕಡಿಮೆ ಮಾಡಿದಷ್ಟೂ ಒಳ್ಳೆಯದು

ಹೇಳಿದ ದಿನದವರೆಗೆ ಡ್ರೆಸ್ಸಿಂಗ್ ತೆಗೆದು ಇಣುಕಬೇಡಿ. ಆಮೇಲೆ ನೀರು, ಮೃದು ಸೋಪಿನ ನೊರೆ ಮೇಲಿಂದ ಹರಿಸಿ, ಉಜ್ಜದೆ, ಟವೆಲ್‌ನಿಂದ ಒತ್ತಿ ಒಣಗಿಸಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಸುರಿಯಬೇಡಿ. ಹೊಸದಾಗಿ ಹುಟ್ಟುವ ಜೀವಕೋಶಗಳೂ ಸಾಯುತ್ತವೆ. ಅರಿಶಿನ, ಎಣ್ಣೆ, ಯಾರೋ ಹೇಳಿದ ಲೇಪ ಯಾವುದೂ ತೆರೆದ ಗಾಯದ ಮೇಲೆ ಬೇಡ. ಗಾಯದ ಅಂಟು ಹಾಕಿದ್ದರೆ ಅದು 5–10 ದಿನದಲ್ಲಿ ತಾನೇ ಉದುರುತ್ತದೆ, ಕಿತ್ತರೆ ಗಾಯವೇ ಬಿಡುತ್ತದೆ.

ತುರಿಕೆ, ಜೋಮು, ನಡುನಡುವೆ ಕರೆಂಟ್ ಹೊಡೆದಂತೆ ಚುರುಕ್ ಅನ್ನುವುದು ನರಗಳು ಮತ್ತೆ ಕೂಡಿಕೊಳ್ಳುವ ಲಕ್ಷಣ. ತಿಂಗಳುಗಟ್ಟಲೆ ಇರಬಹುದು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರೋಟೀನ್ ಸಾಕಷ್ಟಿರಲಿ, ಉಪ್ಪು ಕಡಿಮೆ, ನೀರು ಹೆಚ್ಚು. ಇದು ತೂಕ ಇಳಿಸುವ ಪಥ್ಯದ ಕಾಲವಲ್ಲ. ಸಕ್ಕರೆ ಕಾಯಿಲೆಯವರು ಸಕ್ಕರೆ ಹತೋಟಿಯಲ್ಲಿಟ್ಟರೆ ಗಾಯ ಅರ್ಧ ಗೆದ್ದಂತೆ.

9. ಯಾವಾಗ ಫೋನ್, ಯಾವಾಗ ಓಡಬೇಕು

ಈ ಭಾಗವನ್ನು ಜೊತೆಯಲ್ಲಿರುವವರೂ ಓದಲಿ.

ಚರ್ಮದಡಿ ರಕ್ತ ಕಟ್ಟುವುದು, ಅಂದರೆ ಹೆಮಟೋಮಾ, ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ ಆಗುತ್ತದೆ. ಒಂದೇ ಕಡೆ ಬೇಗ ಊದಿ, ಕಲ್ಲಿನಂತೆ ಬಿಗಿದು, ಮಾತ್ರೆಗೆ ಜಗ್ಗದ ನೋವು ಬರುತ್ತದೆ. ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ, ತಕ್ಷಣ ಫೋನ್ ಮಾಡಿ.

ಸೋಂಕು ಸ್ವಲ್ಪ ತಡವಾಗಿ, ಮೂರು ನಾಲ್ಕನೇ ದಿನದಿಂದ ಆಚೆಗೆ ತಲೆ ಎತ್ತುವುದು ಹೆಚ್ಚು. ಮೊದಲ ಒಂದೆರಡು ದಿನದ ಸಣ್ಣ ಜ್ವರ ಸಾಮಾನ್ಯ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಚಳಿ, ಕೀವು, ವಾಸನೆ, ಗಾಯದ ಸುತ್ತ ಹರಡುವ ಕೆಂಪು ಕಂಡರೆ ಅದೇ ದಿನ ತಿಳಿಸಿ. ಕೆಂಪು ಹರಡುತ್ತಿದೆಯೋ ಇಲ್ಲವೋ ಅನುಮಾನ ಇದ್ದರೆ ಅದರ ಅಂಚಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆದಿಡಿ. ಕೆಲವು ಗಂಟೆಯ ನಂತರ ಕೆಂಪು ಗೆರೆ ದಾಟಿದ್ದರೆ ಅನುಮಾನ ಉಳಿಯುವುದಿಲ್ಲ. ಚರ್ಮದ ಅಂಚು ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೂ ಅದೇ ದಿನ.

ಡ್ರೈನ್ ತೆಗೆದ ಮೇಲೆ ಒತ್ತಿದರೆ ಒಳಗೆ ನೀರು ತುಳುಕಿದಂತಾದರೆ ಅದು ಸೆರೋಮಾ, ನೀರು ತುಂಬಿಕೊಂಡಿದೆ ಎಂದರ್ಥ. ತುರ್ತಲ್ಲ, ಆದರೆ ಹೋಗಿ ತೋರಿಸಿ. ಬೇಕಿದ್ದರೆ ಸೂಜಿಯಿಂದ ತೆಗೆಯುತ್ತಾರೆ.

ಇವಕ್ಕೆ ಮಾತ್ರ ಫೋನ್‌ನಲ್ಲಿ ಹೊತ್ತು ಕಳೆಯದೆ ನೇರ ಆಂಬುಲೆನ್ಸ್ ಕರೆಯಿರಿ ಅಥವಾ ಹತ್ತಿರದ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ: ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಎದೆನೋವು, ಕೆಮ್ಮಿನಲ್ಲಿ ರಕ್ತ, ಪ್ರಜ್ಞೆ ತಪ್ಪುವುದು, ಒತ್ತಿ ಹಿಡಿದರೂ ನಿಲ್ಲದ ರಕ್ತ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದೂ ಈ ಪಟ್ಟಿಗೆ ಸೇರುತ್ತದೆ. ಆ ಕಾಲನ್ನು ತಿಕ್ಕಬೇಡಿ. ರೆಪ್ಪೆಯ ಸರ್ಜರಿಯಾದವರಿಗೆ ಕಣ್ಣಲ್ಲಿ ತೀವ್ರ ನೋವು, ಕಣ್ಣುಗುಡ್ಡೆ ಮುಂದೆ ಬಂದಂತೆ ಬಿಗಿತ, ದೃಷ್ಟಿ ಮಂಜಾಗುವುದು ಕಂಡರೆ ಬೆಳಗಾಗಲಿ ಅನ್ನಬೇಡಿ. ಕಣ್ಣಿನ ಹಿಂದೆ ರಕ್ತ ಕಟ್ಟಿದರೆ ನಿಮಿಷಗಳ ಲೆಕ್ಕ.

10. ಆಯಾ ಸರ್ಜರಿಗೆ ಸೇರಿದ ಕೆಲವು ಮಾತು

ಮೂಗು: ಮೂಗಿನ ಮೇಲೆ ಹಾಕಿದ ಗಟ್ಟಿ ಪಟ್ಟಿ ಸುಮಾರು ಒಂದು ವಾರ ಇರುತ್ತದೆ. ಕನಿಷ್ಠ ಎರಡು ವಾರ ಮೂಗಿನಿಂದ ಜೋರಾಗಿ ಗಾಳಿ ಬಿಟ್ಟು ಸಿಂಬಳ ತೆಗೆಯಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಕನ್ನಡಕ 4–6 ವಾರ ಮೂಗಿನ ಮೇಲೆ ಕೂರಬಾರದು. ಮೂಗಿನ ತುದಿಯ ಊತ ಪೂರ್ತಿ ಇಳಿಯಲು ವರ್ಷ ಹಿಡಿಯುತ್ತದೆ.

ರೆಪ್ಪೆ: ಹೊಲಿಗೆ 5–7 ದಿನಕ್ಕೆ ತೆಗೆಯುತ್ತಾರೆ. ಬಗ್ಗಬೇಡಿ, ಭಾರ ಎತ್ತಬೇಡಿ, ಕಣ್ಣುಜ್ಜಬೇಡಿ.

ಎದೆ: ಮೊಣಕೈಯನ್ನು ಭುಜದ ಎತ್ತರಕ್ಕಿಂತ ಮೇಲೆತ್ತಬೇಡಿ, ತಂತಿ ಇರುವ ಬ್ರಾ ಸರ್ಜನ್ ಹೇಳುವವರೆಗೆ ಬೇಡ.

ಕೂದಲು ನಾಟಿ: ಸುಮಾರು ಹತ್ತು ದಿನ ನೆಟ್ಟ ಜಾಗ ಕೆರೆಯುವಂತಿಲ್ಲ, ಬಿಗಿ ಟೋಪಿ ಬೇಡ. ಮೂರು ನಾಲ್ಕನೇ ದಿನ ಊತ ಹಣೆಗೆ, ಕಣ್ಣಿಗೆ ಇಳಿಯಬಹುದು. 2ರಿಂದ 6 ವಾರದಲ್ಲಿ ನೆಟ್ಟ ಕೂದಲು ಉದುರುತ್ತದೆ. ಹಣ ನೀರಿಗೆ ಹೋಯಿತು ಎಂದುಕೊಳ್ಳಬೇಡಿ. ಬುಡ ಒಳಗೇ ಇರುತ್ತದೆ, ಮತ್ತೆ ಮೊಳೆಯಲು ತಿಂಗಳುಗಳು ಬೇಕು. ಪೂರ್ತಿ ಫಲ ಕಾಣುವುದು 9–12 ತಿಂಗಳಿಗೆ.

11. "ಯಾಕಪ್ಪಾ ಮಾಡಿಸಿಕೊಂಡೆ" ಅನ್ನಿಸುವ ವಾರ

ಮೂರನೇ ದಿನದಿಂದ ಹತ್ತನೇ ದಿನದವರೆಗೆ ಅಳು ಬರುವುದು, ಪಶ್ಚಾತ್ತಾಪ, ಸಿಡುಕು ಇವೆಲ್ಲ ತುಂಬ ಜನಕ್ಕೆ ಆಗುತ್ತದೆ. ನಿದ್ದೆಯಿಲ್ಲ, ಮಾತ್ರೆಗಳ ಮಂಕು, ಕನ್ನಡಿಯಲ್ಲಿ ಕಾಣುವುದು ಮೊದಲಿಗಿಂತ ಕೆಟ್ಟ ರೂಪ. ನೋಡಲು ಬಂದವರ ಒಂದು ಮಾತು ಸಾಕು ಎದೆಗೆ ಚುಚ್ಚಲು. ಈ ವಾರ ಯಾರನ್ನೂ ಕರೆಸಬೇಡಿ. ಕನ್ನಡಿಯನ್ನು ದಿನಕ್ಕೆ ಇಪ್ಪತ್ತು ಸಲ ನೋಡುವ ಬದಲು ವಾರಕ್ಕೊಮ್ಮೆ, ಅದೇ ಗೋಡೆಯ ಮುಂದೆ, ಅದೇ ಬೆಳಕಿನಲ್ಲಿ ಒಂದು ಫೋಟೊ ತೆಗೆದಿಡಿ. ಎರಡು ವಾರ ದಾಟಿದರೂ ಮನಸ್ಸು ಏಳದಿದ್ದರೆ, ಬದುಕು ಬೇಡ ಎಂಬ ಯೋಚನೆ ಒಮ್ಮೆ ಬಂದರೂ, ಮುಚ್ಚಿಡದೆ ವೈದ್ಯರಿಗೆ ಹೇಳಿ. ಅದು ಸಹ ಗಾಯದಷ್ಟೇ ನಿಜವಾದ ತೊಂದರೆ.

12. ಕೆಲಸಕ್ಕೆ ಮರಳುವುದು, ಕಲೆಯ ಆರೈಕೆ

ಕುರ್ಚಿಯಲ್ಲಿ ಕೂತು ಮಾಡುವ ಕೆಲಸಕ್ಕೆ ರೆಪ್ಪೆ, ಮೂಗಿನವರು 7ರಿಂದ 14 ದಿನಕ್ಕೆ, ಮುಖ ಬಿಗಿ ಮಾಡಿಸಿಕೊಂಡವರು ಸುಮಾರು ಎರಡು ವಾರಕ್ಕೆ, ಹೊಟ್ಟೆಯವರು 2ರಿಂದ 4 ವಾರಕ್ಕೆ ಮರಳುತ್ತಾರೆ. ಗಾಡಿ ಓಡಿಸಲು ಎರಡು ಷರತ್ತು: ಜೋರಾದ ನೋವಿನ ಮಾತ್ರೆ ನಿಂತಿರಬೇಕು, ತಟ್ಟನೆ ಬ್ರೇಕ್ ಒತ್ತಿದರೆ ನೋಯಬಾರದು. ನಿಂತ ಗಾಡಿಯಲ್ಲಿ ಕೂತು ಒಮ್ಮೆ ಒತ್ತಿ ನೋಡಿ.

ಭಾರ ಎತ್ತುವುದು, ಜಿಮ್ಮು 6 ವಾರ ಬೇಡ ಅನ್ನುವುದಕ್ಕೆ ಕಾರಣ ಇದೆ. ಮೂರನೇ ವಾರದಲ್ಲಿ ಹೊಲಿದ ಚರ್ಮಕ್ಕೆ ಮೊದಲಿದ್ದ ಬಲದ ಸುಮಾರು ಐದನೇ ಒಂದು ಭಾಗ ಮಾತ್ರ ಬಂದಿರುತ್ತದೆ. ಮೇಲೆ ನೋಡಲು ಪೂರ್ತಿ ಕೂಡಿಕೊಂಡಂತೆ ಕಾಣುವುದೂ ಆಗಲೇ, "ನಂಗೇನೂ ಆಗಿಲ್ಲ" ಎಂದು ಮಗುವನ್ನು ಎತ್ತಿಕೊಳ್ಳುವುದೂ ಆಗಲೇ. ಮಗು ಬೇಕಾದರೆ ಕೂತಿರುವಾಗ ಬೇರೆಯವರು ತಂದು ಮಡಿಲಲ್ಲಿ ಕೂರಿಸಲಿ.

ಗಾಯ ಪೂರ್ತಿ ಮುಚ್ಚಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ, ಸಿಲಿಕೋನ್ ಜೆಲ್ ಅಥವಾ ಪಟ್ಟಿ ಶುರುಮಾಡಬಹುದು. ಪಟ್ಟಿಯಾದರೆ ದಿನಕ್ಕೆ 12 ಗಂಟೆಯಾದರೂ, ಎರಡು ಮೂರು ತಿಂಗಳು. ಬಿಸಿಲಿಗೆ ಬೀಳುವ ಕಲೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಒಂದು ವರ್ಷ ತಪ್ಪಿಸಬೇಡಿ, ಇಲ್ಲದಿದ್ದರೆ ಕಪ್ಪಾಗಿ ನಿಲ್ಲುತ್ತದೆ. ಎರಡು ಮೂರನೇ ತಿಂಗಳಲ್ಲಿ ಕಲೆ ಮೊದಲಿಗಿಂತ ಕೆಂಪಾಗಿ, ಉಬ್ಬಿ, ಗಟ್ಟಿಯಾಗಿ ಕಾಣುವುದು ಸಹಜ. ಮಾಸಿ ಮೆತ್ತಗಾಗಲು 12ರಿಂದ 18 ತಿಂಗಳು. ಆದರೆ ಕಲೆ ಗಾಯದ ಗಡಿ ದಾಟಿ ಆಚೀಚೆ ಬೆಳೆಯುತ್ತಿದ್ದರೆ ಅದು ಕೀಲಾಯ್ಡ್ ಇರಬಹುದು. ಬೇಗ ತೋರಿಸಿದರೆ ಇಂಜೆಕ್ಷನ್‌ನಲ್ಲೇ ಹತೋಟಿಗೆ ತರುವ ಸಾಧ್ಯತೆ ಹೆಚ್ಚು.

ಒಂದು ಪಕ್ಕ ಇನ್ನೊಂದರಂತಿಲ್ಲ, ಎಲ್ಲೋ ಗಂಟು ಉಳಿದಿದೆ ಎಂದು ಎರಡನೇ ತಿಂಗಳಲ್ಲೇ ಮತ್ತೆ ಸರ್ಜರಿ ಕೇಳುವವರಿಗೆ ಹೆಚ್ಚಿನ ಸರ್ಜನ್‌ಗಳು ಒಪ್ಪುವುದಿಲ್ಲ. ಎರಡು ಪಕ್ಕದ ಊತ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಬೇರೆ ಕಡೆ ಕನಿಷ್ಠ 6 ತಿಂಗಳು, ಮೂಗಿಗೆ ಒಂದು ವರ್ಷ ಕಾದು ನೋಡುತ್ತಾರೆ. ಆ ಭೇಟಿಗೆ ಹೋಗುವಾಗ ಒಂದೇ ಬೆಳಕಿನಲ್ಲಿ ತೆಗೆದ ವಾರವಾರದ ಫೋಟೊಗಳನ್ನೂ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.